ಧಾತು-ಈಶ್ವರ ಬರದ ಲೆಕ್ಕ: ಧಾನ್ಯ ಎಲ್ಲಿಯವರೆಗೆ ಬಂತು?

ಎರಡು ಸಂಖ್ಯೆಗಳಿಂದ ಶುರು ಮಾಡ್ತೀನಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ 41,86,188. ಅಂದರೆ 8,69,224 ಜನ ಕಮ್ಮಿ. ಆ ಹತ್ತು ವರ್ಷದಲ್ಲಿ ಮಾಮೂಲಿಯಾಗಿ ಹೆಚ್ಚಾಗಬೇಕಿದ್ದ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಇಷ್ಟು! ಆರು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲವಾದ ಹಾಗೆ.

ಇದು ಧಾತು-ಈಶ್ವರ ಬರದ ಕಥೆ. 1876-77 ಧಾತು ಸಂವತ್ಸರ, 1877-78 ಈಶ್ವರ ಸಂವತ್ಸರ. ಜನ ಇಸವಿಯನ್ನು ನೆನಪಿಟ್ಟುಕೊಳ್ಳಲಿಲ್ಲ, ಸಂವತ್ಸರದ ಹೆಸರನ್ನೇ ಬರಕ್ಕೆ ಇಟ್ಟರು. ಮನೆಯಲ್ಲಿ ಮಕ್ಕಳು ಗಬಗಬ ತಿಂದರೆ “ಬರಗೆಟ್ಟವರ ಹಾಗೆ ತಿನ್ನಬೇಡ” ಅಂತ ಈಗಲೂ ಬೈತೀವಲ್ಲ, ಆ ಮಾತಿನ ಹಿಂದೆ ಇರೋದು ಇಂಥ ಬರಗಳೇ.

ಈ ಬರದ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಮಳೆ ಹೋಯಿತು, ಬೆಳೆ ಹೋಯಿತು, ಸರಿ. ಆದರೆ ಧಾನ್ಯ ಬಂದಿತ್ತಲ್ಲ? ರೈಲಿನಲ್ಲಿ ದಿನಾ ಬರುತ್ತಿತ್ತಲ್ಲ? ಬಂದ ಧಾನ್ಯ ಎಲ್ಲಿಯವರೆಗೆ ಹೋಯಿತು, ಅದನ್ನು ಯಾರು ಅಳೆದರು? ಈಗಿನ ಭಾಷೆಯಲ್ಲಿ ಹೇಳೋದಾದರೆ ಇದು ಪರಿಹಾರ ಕಾರ್ಯದ ಸಪ್ಲೈ ಚೈನ್ ಪ್ರಶ್ನೆ. ಈಗ ಇದರ ಮೇಲೆ ದೊಡ್ಡ ದೊಡ್ಡ ಸಂಸ್ಥೆಗಳು ಅಧ್ಯಯನ ಮಾಡಿಸುತ್ತವೆ. ನಮ್ಮ ಸೀಮೆಯಲ್ಲಿ ಈ ಪಾಠ ನೂರೈವತ್ತು ವರ್ಷದ ಹಿಂದೆಯೇ ನಡೆದುಹೋಗಿದೆ, ಫೀಸು ಮಾತ್ರ ಬಹಳ ದುಬಾರಿಯಾಯಿತು.

ಬೆಂಗಳೂರಿನವರೆಗೆ ರೈಲು, ಆಮೇಲೆ?

ಆಗಿನ ಪರಿಸ್ಥಿತಿ ಸ್ವಲ್ಪ ನೆನಪಿಸಿಕೊಳ್ಳಿ. 1831ರಿಂದ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಇಡೀ ಸಂಸ್ಥಾನಕ್ಕೆ ಇದ್ದದ್ದು ಒಂದೇ ರೈಲು ದಾರಿ, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಬಂದದ್ದು. ಬಂಗಾಳದಿಂದ, ಬರ್ಮಾದಿಂದ ಹಡಗಿನಲ್ಲಿ ಅಕ್ಕಿ ಮದ್ರಾಸಿಗೆ ಬರಬೇಕು, ಸಮುದ್ರ ದಂಡೆಯಲ್ಲಿ ಮೂಟೆಗಳ ಗುಡ್ಡ ಬೀಳಬೇಕು, ಅಲ್ಲಿಂದ ರೈಲು ಹತ್ತಿ ಬೆಂಗಳೂರಿಗೆ ಬರಬೇಕು.

ನಾನಿರುವ ಕಡೆಯಿಂದ ನೋಡಿದರೆ ಬೆಂಗಳೂರು ಎಷ್ಟು ದೂರ ಅನ್ನೋದು ಗೊತ್ತಾಗುತ್ತೆ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಮಾಚೇನಹಳ್ಳಿ ಇದೆ. ಈಗ ಕೈಗಾರಿಕಾ ಪ್ರದೇಶ, ಹಾಲಿನ ಡೇರಿ, ಹಗಲೂ ರಾತ್ರಿ ಲಾರಿ. ಆದರೆ 1877ರಲ್ಲಿ ಭದ್ರಾವತಿಗೆ ಬೆಂಕಿಪುರ ಅಂತ ಹೆಸರು. ಕಬ್ಬಿಣದ ಕಾರ್ಖಾನೆ ಶುರುವಾಗಲು ಇನ್ನೂ ನಲವತ್ತು ವರ್ಷಕ್ಕಿಂತ ಹೆಚ್ಚು ಬಾಕಿ. ಬೀರೂರು–ಶಿವಮೊಗ್ಗ ರೈಲು ಬಂದದ್ದು 1899ರಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡು. ಅಲ್ಲಿ ಬರದ ಹೊಡೆತ ಅಷ್ಟಾಗಿ ಬೀಳಲಿಲ್ಲ. ಪೂರ್ವಕ್ಕೆ ಹೋಗುತ್ತಾ ಹೋದರೆ ಚಿತ್ರದುರ್ಗ, ತುಮಕೂರು, ಕೋಲಾರದ ಬಯಲುಸೀಮೆ. ಸತ್ತವರಲ್ಲಿ ಹೆಚ್ಚಿನವರು ಆ ಕಡೆಯವರು.

ಬರದ ತೀವ್ರತೆ ಹೆಚ್ಚಿದಾಗ ರೈಲು ದಿನಕ್ಕೆ 400ರಿಂದ 500 ಟನ್ ಧಾನ್ಯ ತಂದು ಸುರಿಯುತ್ತಿತ್ತು, ಅದು ಒಂಬತ್ತು ಲಕ್ಷ ಜನರಿಗೆ ಸಾಕಾಗುವಷ್ಟು ಅಂತ ಮೈಸೂರು ಗೆಜೆಟಿಯರ್ ಹೇಳುತ್ತದೆ. ಭಾಗಿಸಿ ನೋಡಿದೆ, ತಲೆಗೆ ದಿನಕ್ಕೆ ಅರ್ಧ ಕಿಲೋ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಒಂಬತ್ತು ಲಕ್ಷ ಜನ ಬೆಂಗಳೂರು ಸ್ಟೇಷನ್ನಿನ ಮುಂದೆ ತಟ್ಟೆ ಹಿಡಿದು ಕೂತಿರಲಿಲ್ಲವಲ್ಲ!

ಇನ್ನೊಂದು ಲೆಕ್ಕ ಹಾಕೋಣ. ಇದು ಯಾವ ವರದಿಯದ್ದೂ ಅಲ್ಲ, ನಾನೇ ಪೆನ್ಸಿಲ್ ಹಿಡಿದು ಮಾಡಿದ್ದು. ಒಂದು ಜೋಡೆತ್ತಿನ ಗಾಡಿಗೆ ಅರ್ಧ ಟನ್ ಹೇರು ಅಂತ ಇಟ್ಟುಕೊಳ್ಳಿ. 450 ಟನ್ ಸಾಗಿಸಲು ದಿನಾ 900 ಗಾಡಿ ಹೊರಡಬೇಕು. ದಿನಕ್ಕೆ 20 ಕಿಲೋಮೀಟರ್ ನಡೆದರೆ ಚಿತ್ರದುರ್ಗಕ್ಕೆ ಹೋಗಲು ಹತ್ತು ದಿನ, ವಾಪಸ್ಸು ಹತ್ತು ದಿನ. ಎಲ್ಲವೂ ಅಷ್ಟು ದೂರ ಹೋಗಬೇಕಾದರೆ ಯಾವಾಗಲೂ 18,000 ಗಾಡಿ, 36,000 ಎತ್ತು ದಾರಿಯಲ್ಲಿರಬೇಕು.

ಎತ್ತಿಗೂ ಹೊಟ್ಟೆ ಇದೆ. ಒಂದು ಎತ್ತಿಗೆ ದಿನಕ್ಕೆ ಐದು ಕಿಲೋ ಹುಲ್ಲು ಅಂದರೂ ಜೋಡಿಗೆ ಹತ್ತು ಕಿಲೋ, ಇಪ್ಪತ್ತು ದಿನಕ್ಕೆ 200 ಕಿಲೋ. ಒಳ್ಳೆ ಕಾಲದಲ್ಲಿ ಗಾಡಿಯವನು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದಾರಿ ಬದಿ ಮೇಯಿಸಿಕೊಂಡು, ಊರಲ್ಲಿ ಒಂದು ಹೊರೆ ಹುಲ್ಲು ಕೊಂಡು ಹೋಗುತ್ತಿದ್ದ. ಬರದಲ್ಲಿ ದಾರಿಯಲ್ಲಿ ಹುಲ್ಲೂ ಇಲ್ಲ, ನೀರೂ ಇಲ್ಲ. ಹುಲ್ಲನ್ನೂ ಗಾಡಿಯಲ್ಲೇ ಹೇರಿಕೊಂಡು ಹೋಗಬೇಕು ಅಂದರೆ 500 ಕಿಲೋ ಹೇರಿನಲ್ಲಿ 200 ಕಿಲೋ ಎತ್ತುಗಳಿಗೇ ಹೋಯಿತು. 275 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬರಬೇಕಾದರೆ 280 ಕಿಲೋ ಹುಲ್ಲು ಬೇಕು. ಧಾನ್ಯಕ್ಕೆ ಉಳಿಯೋದು ಅರ್ಧಕ್ಕಿಂತ ಕಡಿಮೆ ಜಾಗ. ಇನ್ನು ಎತ್ತುಗಳೇ ಮೇವಿಲ್ಲದೆ ಸತ್ತು ಬೀಳುತ್ತಿದ್ದವು. ಬರಗಾಲದಲ್ಲಿ ಅಧಿಕಮಾಸ ಅಂತಾರಲ್ಲ, ಹಾಗೆ.

ಇದರ ಜೊತೆಗೆ ಕೊಳ್ಳಲು ಕಾಸಿಲ್ಲದವನ ಮನೆ ಮುಂದೆ ಧಾನ್ಯದ ಗಾಡಿ ಬಂದು ನಿಂತರೂ ಉಪಯೋಗವಿಲ್ಲ. ಹಸಿವಿಗೆ ಧಾನ್ಯದ ಕೊರತೆಗಿಂತ ಅದನ್ನು ಪಡೆಯುವ ದಾರಿ ಇಲ್ಲದಿರುವುದೇ ಎಷ್ಟೋ ಸಲ ಕಾರಣ ಅಂತ ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ತೋರಿಸಿದರು. 1877ರ ಬೆಂಗಳೂರಿನಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಧಾನ್ಯ ಜನರ ಹತ್ತಿರ ಹೋಗದೆ ಇದ್ದಾಗ ಜನರೇ ಧಾನ್ಯ ಇದ್ದ ಕಡೆಗೆ ನಡೆದು ಬಂದರು. ಬಹಳ ಜನ ಆ ದಾರಿಯಲ್ಲೇ ಬಿದ್ದರು.

ಅಗ್ಗದ ಪರಿಹಾರವೇ ಒಳ್ಳೆ ಪರಿಹಾರ!

ಸರ್ಕಾರ ಏನನ್ನೂ ಅಳೆಯಲಿಲ್ಲ ಅಂತಲ್ಲ. ಬ್ರಿಟಿಷರು ಲೆಕ್ಕ ಇಡುವುದರಲ್ಲಿ ಎತ್ತಿದ ಕೈ. ರೈಲಿನಲ್ಲಿ ಬಂದ ಟನ್ ಎಷ್ಟು, ಕಾಮಗಾರಿಯಲ್ಲಿದ್ದ ತಲೆ ಎಷ್ಟು, ಗಂಜಿ ಕೇಂದ್ರದಲ್ಲಿ ಉಂಡವರು ಎಷ್ಟು, ಖರ್ಚಾದ ರೂಪಾಯಿ ಎಷ್ಟು, ಎಲ್ಲ ಇದೆ. ಪ್ರಶ್ನೆ ಇರೋದು ಯಾವ ಸಂಖ್ಯೆ ನೋಡಿ “ಕೆಲಸ ಚೆನ್ನಾಗಿ ನಡೀತಿದೆ” ಅಂದರು ಅನ್ನೋದರಲ್ಲಿ.

ಇಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆ ಬರುತ್ತೆ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಈತ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿ, ಹಳ್ಳಿಗಳವರೆಗೆ ಮುಟ್ಟಿಸಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ನಾವಾಗಿದ್ದರೆ ಹಾರ ಹಾಕುತ್ತಿದ್ದೆವು. ಅವನಿಗೆ ಸಿಕ್ಕಿದ್ದು ಬೈಗುಳ, ದುಂದು ವೆಚ್ಚ ಮಾಡಿದ ಅಂತ. ಅಕ್ಕಿ ಮಿಕ್ಕಿದ್ದೇ ಅಪರಾಧವಾಯಿತು. ಜನ ಸಾಯದೆ ಉಳಿದದ್ದು ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಜಮೆ ಆಗಲಿಲ್ಲ, ಖರ್ಚು ಮಾತ್ರ ದೊಡ್ಡದಾಗಿ ಕಂಡಿತು.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಇದೇ ಟೆಂಪಲ್‌ನನ್ನು ದಕ್ಷಿಣದ ಬರ ನೋಡಿಕೊಳ್ಳಲು ಕಳಿಸಿದ. ಮನುಷ್ಯ ಪಾಠ ಕಲಿತಿದ್ದ, ಆದರೆ ತಪ್ಪು ಪಾಠ. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಅಂತ ಕೂಲಿ ಇಳಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ತಿಂದು ದಿನವಿಡೀ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಇತಿಹಾಸದಲ್ಲಿ ಇದಕ್ಕೆ “ಟೆಂಪಲ್ ಕೂಲಿ” ಅಂತಲೇ ಹೆಸರು. ತಲೆಗೆ ಎಷ್ಟು ಖರ್ಚಾಯಿತು ಅನ್ನುವುದೇ ಅಳತೆಗೋಲಾದರೆ ಇದಕ್ಕಿಂತ ದಕ್ಷ ಪರಿಹಾರ ಇನ್ನೊಂದಿಲ್ಲ.

ಇದನ್ನು ವಿರೋಧಿಸಿದವರು ಬೇರೆ ಕಡೆ ಅಳತೆ ಮಾಡಿದವರು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್, ಜೈಲಿನಲ್ಲಿ ದುಡಿಯುವ ಕೈದಿಗೆ ಕೊಡುವ ಊಟಕ್ಕಿಂತ ಇದು ಕಡಿಮೆ, ಇಷ್ಟರಲ್ಲಿ ದುಡಿಯುವ ದೇಹ ಉಳಿಯೋದಿಲ್ಲ ಅಂತ ವಾದಿಸಿದ. ಅವನ ಅಳತೆ ಮನುಷ್ಯನ ಮೈ. ಬಾಂಬೆ ಪ್ರಾಂತ್ಯದಲ್ಲಿ (ನಮ್ಮ ಧಾರವಾಡ, ಬೆಳಗಾವಿ, ಆಗ ಕಲಾದಗಿ ಅನ್ನುತ್ತಿದ್ದ ವಿಜಾಪುರದ ಕಡೆ ಎಲ್ಲ ಅದರಲ್ಲೇ ಇದ್ದವು) ಕೂಲಿ ಇಳಿಸಿದ್ದಕ್ಕೆ ಸಾವಿರಾರು ಜನ ಕಾಮಗಾರಿ ಬಿಟ್ಟು ಹೊರಟೇಹೋದರು. ಪುಣೆಯ ಸಾರ್ವಜನಿಕ ಸಭಾ ಬರಪೀಡಿತ ಜಿಲ್ಲೆಗಳಿಂದ ಸುದ್ದಿ ತರಿಸಿಕೊಂಡು ಸರ್ಕಾರಕ್ಕೆ ಬರೆಯುತ್ತಲೇ ಇತ್ತು. ಅವರ ಅಳತೆ ಹಳ್ಳಿಯ ಒಲೆ.

ಇಲ್ಲಿ ಒಂದು ಮೋಸ ಗಮನಿಸಿ. ಜನ ಕಾಮಗಾರಿ ಬಿಟ್ಟು ಹೋದರೆ ಹಾಜರಿ ಪಟ್ಟಿಯಲ್ಲಿ ಸಂಖ್ಯೆ ಇಳಿಯುತ್ತೆ. ದೂರದಲ್ಲಿ ಕೂತು ಆ ಪಟ್ಟಿ ಓದುವವನಿಗೆ ಬರ ಇಳಿಯುತ್ತಿದೆ ಅಂತ ಕಾಣುತ್ತೆ. ಬೆಳೆ ಬಂದು ಮನೆಗೆ ಹೋದವನೂ, ಕೂಲಿ ಸಾಲದೆ ಬಿಟ್ಟುಹೋದವನೂ, ಸತ್ತವನೂ ಪಟ್ಟಿಯಲ್ಲಿ ಒಂದೇ ಥರ: ಗೈರುಹಾಜರು.

ಎಲಿಯಟ್ ಬರೆದಿಟ್ಟದ್ದು

1877ರಲ್ಲಿ ಮುಂಗಾರೂ ಕೈಕೊಟ್ಟ ಮೇಲೆ ಲಿಟ್ಟನ್ ಖುದ್ದಾಗಿ ಮದ್ರಾಸಿಗೂ ಮೈಸೂರಿಗೂ ಬಂದ. ಚಾರ್ಲ್ಸ್ ಎಲಿಯಟ್ ಎಂಬುವನನ್ನು ಮೈಸೂರಿಗೆ ಬರ ಕಮಿಷನರ್ ಆಗಿ ಹಾಕಿದರು. ಗಂಜಿ ಕೇಂದ್ರಗಳಲ್ಲಿದ್ದವರ ಪೈಕಿ ಕೈಲಾಗುವವರನ್ನು ದೊಡ್ಡ ಕಾಮಗಾರಿಗಳಿಗೆ ಕಳಿಸುವ ಕೆಲಸ ಶುರುವಾಯಿತು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಕೆಲಸ ಮಾಡಿದವರಲ್ಲಿ ಈ ಬರದ ಕೂಲಿಗಳೂ ಇದ್ದರು. ಅದು ಮೈಸೂರು ಮುಟ್ಟಿದ್ದು 1882ರಲ್ಲಿ. ಈಗ ಆ ದಾರಿಯಲ್ಲಿ ಎರಡು-ಮೂರು ಗಂಟೆಯಲ್ಲಿ ಮದ್ದೂರು ವಡೆ ತಿಂದುಕೊಂಡು ಹೋಗ್ತೀವಿ.

ಬರ ಮುಗಿಯುವ ಹೊತ್ತಿಗೆ ಮೈಸೂರಿನ ಖಜಾನೆಯಲ್ಲಿದ್ದ 63 ಲಕ್ಷ ರೂಪಾಯಿ ಉಳಿತಾಯ ಕರಗಿ, ಮೇಲೆ 80 ಲಕ್ಷ ಸಾಲವಾಗಿತ್ತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ಸು ಬಂದಾಗ ದಿವಾನ್ ರಂಗಾಚಾರ್ಲು ಅವರಿಗೆ ಸಿಕ್ಕಿದ ಬಳುವಳಿ ಇದು. ಅಂದರೆ ಅಗ್ಗವಾಗಿ ಮಾಡುತ್ತೇವೆ ಅಂದ ಪರಿಹಾರ ಕೊನೆಗೆ ಅಗ್ಗವೂ ಆಗಲಿಲ್ಲ.

ಎಲಿಯಟ್ ಮೈಸೂರು ಬರದ ಇತಿಹಾಸವನ್ನೇ ಒಂದು ವರದಿಯಾಗಿ ಬರೆದ. 1878ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. ಆಮೇಲೆ ರಿಚರ್ಡ್ ಸ್ಟ್ರಾಚೆಯ ಅಧ್ಯಕ್ಷತೆಯಲ್ಲಿ ಬರ ಆಯೋಗ ಕೂತಾಗ ಅದರ ಕಾರ್ಯದರ್ಶಿಯೂ ಇದೇ ಎಲಿಯಟ್. 1880ರಲ್ಲಿ ಆಯೋಗದ ವರದಿ, 1883ರಲ್ಲಿ ಅದರಿಂದ ಹುಟ್ಟಿದ ‘ಫ್ಯಾಮಿನ್ ಕೋಡ್’. ಬರ ಬಂದಾಗ ಯಾರು ಏನು ಮಾಡಬೇಕು ಅನ್ನುವ ಕೈಪಿಡಿ.

ಈ ಕೋಡ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಮುನ್ಸೂಚನೆಗಳ ಪಟ್ಟಿ. ಧಾನ್ಯದ ಬೆಲೆ ಏರುವುದು, ಸಾಲ ಹುಟ್ಟದಿರುವುದು, ಭಿಕ್ಷೆ ಹಾಕುವವರು ಕಡಿಮೆಯಾಗುವುದು, ಸಣ್ಣಪುಟ್ಟ ಕಳ್ಳತನ ಹೆಚ್ಚುವುದು, ಜನ ಗುಂಪು ಗುಂಪಾಗಿ ಊರು ಬಿಟ್ಟು ಅಲೆಯುವುದು. ಇವು ಕಂಡರೆ ಪರೀಕ್ಷೆಗಾಗಿ ಒಂದು ಕಾಮಗಾರಿ ತೆರೆದು ನೋಡು, ಕಡಿಮೆ ಕೂಲಿಗೂ ಜನ ಮುಗಿಬಿದ್ದರೆ ಬರ ಬಂದಿದೆ ಅಂತ ತಿಳಿ. ಕೂಲಿಯನ್ನು ಧಾನ್ಯದ ಬೆಲೆಗೆ ಜೋಡಿಸು. ದುಡಿಯಲಾಗದವರ ಪಟ್ಟಿಯನ್ನು ಹಳ್ಳಿ ಹಳ್ಳಿಯಲ್ಲಿ ಮಾಡು. ಕಾಮಗಾರಿಗಳ ಯೋಜನೆಯನ್ನು ಬರ ಬರುವ ಮೊದಲೇ ತಯಾರಿಸಿಟ್ಟುಕೋ.

ಅಂದರೆ ಅಳತೆಗೋಲು ರೈಲ್ವೆ ಗೋದಾಮಿನಿಂದ ಎದ್ದು ಹಳ್ಳಿಯ ಕಡೆಗೆ ಹೊರಟಿತು. ಪೂರ್ತಿ ತಲುಪಿತು ಅಂತಲ್ಲ. 1896-97ರಲ್ಲೂ 1899-1900ರಲ್ಲೂ ಬರಗಾಲಕ್ಕೆ ಲಕ್ಷಾಂತರ ಜನ ಸತ್ತರು. 1943ರ ಬಂಗಾಳದಲ್ಲಂತೂ ಕೋಡ್ ಪ್ರಕಾರ ಬರ ಅಂತ ಘೋಷಣೆಯನ್ನೇ ಮಾಡಲಿಲ್ಲ. ಘೋಷಿಸಿದರೆ ಅನ್ನ ಕೊಡುವ ಹೊಣೆ ತಲೆ ಮೇಲೆ ಬರುತ್ತಿತ್ತು, ಕೊಡುವ ದಾಸ್ತಾನು ಇರಲಿಲ್ಲ. ಥರ್ಮಾಮೀಟರ್ ಎಷ್ಟು ಒಳ್ಳೆಯದಾದರೂ ಅದನ್ನು ಡ್ರಾಯರ್‌ನಲ್ಲಿ ಇಟ್ಟು ಬೀಗ ಹಾಕಿದರೆ ಜ್ವರ ಗೊತ್ತಾಗಲ್ಲ.

ಇಂದಿನ ಅಳತೆಗೋಲಿಂದ ಅಂದಿನ ಬರ

ಈಗ ನಮ್ಮ ಕಾಲಕ್ಕೆ ಬರೋಣ. 2004ರ ಡಿಸೆಂಬರಿನ ಸುನಾಮಿ ಪರಿಹಾರದ ಜಗತ್ತನ್ನು ಅಲ್ಲಾಡಿಸಿತು. ದುಡ್ಡು, ಸಾಮಾನು ಹರಿದು ಬಂತು, ಆದರೆ ಬೇಕಾದ್ದು ಬೇಕಾದಲ್ಲಿ ಇರಲಿಲ್ಲ. ನಾಗಪಟ್ಟಿಣದಲ್ಲಿ ಯಾರಿಗೂ ಬೇಡದ ಹಳೇ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಅದನ್ನು ತೆಗೆಯುವುದೇ ಇನ್ನೊಂದು ಕೆಲಸವಾಯಿತು. ಆಮೇಲೆ 2006ರಲ್ಲಿ ಅಮೆರಿಕದ ಎಂಐಟಿಯಲ್ಲಿ, ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟದ ಕೆಲಸವನ್ನು ಇಟ್ಟುಕೊಂಡು ನಾಲ್ಕು ಅಳತೆಗಳನ್ನು ಸೂಚಿಸಿದರು. ಒಂದು, ಬೇಕು ಅಂತ ಕೇಳಿದ್ದರಲ್ಲಿ ಎಷ್ಟು ಪಾಲು ಬಂತು. ಎರಡು, ದಾನ ಕೊಟ್ಟ ದಿನದಿಂದ ತಲುಪಿದ ದಿನದವರೆಗೆ ಎಷ್ಟು ಸಮಯ ಹಿಡಿಯಿತು. ಮೂರು, ಖರೀದಿಗೂ ಸಾಗಾಟಕ್ಕೂ ಎಷ್ಟು ಖರ್ಚಾಯಿತು. ನಾಲ್ಕು, ಮೊದಲು ಮಾಡಿದ ಅಂದಾಜು ಎಷ್ಟು ಸರಿಯಿತ್ತು. ಅದೇ ಹೊತ್ತಿಗೆ ರೆಡ್‌ಕ್ರಾಸ್ ಒಕ್ಕೂಟ ಜಿನೀವಾ ಒಂದರಿಂದಲೇ ಎಲ್ಲವನ್ನೂ ನಡೆಸುವುದು ಬಿಟ್ಟು ದುಬೈ, ಕೌಲಾಲಂಪುರ, ಪನಾಮಾಗಳಲ್ಲಿ ಸಾಮಾನು ಸಿದ್ಧವಾಗಿಟ್ಟುಕೊಳ್ಳಲು ಶುರು ಮಾಡಿತು.

ಒಳ್ಳೆಯ ಅಳತೆಗಳೇ. ಆದರೆ ಧಾತು ಬರಕ್ಕೆ ಹಚ್ಚಿ ನೋಡಿದರೆ ತಮಾಷೆ ಗೊತ್ತಾಗುತ್ತೆ. ಎರಡನೆಯದನ್ನೇ ತೆಗೆದುಕೊಳ್ಳಿ. ಲಂಡನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ ಅಲ್ಲಿನ ಮೇಯರ್ ದಕ್ಷಿಣ ಭಾರತದ ಬರಕ್ಕೆ ನಿಧಿ ತೆರೆದದ್ದು 1877ರ ಆಗಸ್ಟಿನಲ್ಲಿ. ಹಣ ತಂತಿಯಲ್ಲಿ ಬೇಗ ಬಂದು ಹಂಚಿಕೆಯೂ ಆಯಿತು ಅಂತಿಟ್ಟುಕೊಳ್ಳಿ. ಈ ಅಳತೆಯಲ್ಲಿ ಫಸ್ಟ್ ಕ್ಲಾಸ್! ಆದರೆ ಇಲ್ಲಿ ಮಳೆ ಹೋದದ್ದು 1876ರಲ್ಲಿ. ಗಡಿಯಾರ ಶುರುವಾಗೋದು ಕೊಡುವವನ ಕೈ ಜೇಬಿಗೆ ಹೋದಾಗ, ಉಣ್ಣುವವನ ಹೊಟ್ಟೆ ಖಾಲಿಯಾದಾಗ ಅಲ್ಲ. ಮೂರನೆಯ ಅಳತೆಯನ್ನು ಒಂಟಿಯಾಗಿ ಬಿಟ್ಟರೆ ಅದು ಟೆಂಪಲ್ ಕೂಲಿಗೇ ಹೋಗಿ ನಿಲ್ಲುತ್ತೆ. ನಾಲ್ಕನ್ನೂ ಒಟ್ಟಿಗೆ ನೋಡಬೇಕು, ಜೊತೆಗೆ ಐದನೆಯದೊಂದು ಬೇಕು: ಕೊನೆಯವನ ಕೈಗೆ ಏನು ಬಂತು?

ಆ ಐದನೆಯದಕ್ಕೆ ಹತ್ತಿರ ಬರೋದು 1997ರಲ್ಲಿ ಹಲವು ಪರಿಹಾರ ಸಂಸ್ಥೆಗಳು ಸೇರಿ ಶುರು ಮಾಡಿದ ‘ಸ್ಫಿಯರ್’ ಮಾನದಂಡಗಳು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕ್ಯಾಲೊರಿ ಆಹಾರ, ಮಲಗಲು ಮೂರೂವರೆ ಚದರ ಮೀಟರ್ ಸೂರು. ಇಲ್ಲಿ ಎಷ್ಟು ಟ್ಯಾಂಕರ್ ಕಳಿಸಿದಿರಿ ಅಂತ ಕೇಳಲ್ಲ, ಒಬ್ಬರಿಗೆ ಎಷ್ಟು ಲೀಟರ್ ಸಿಕ್ಕಿತು ಅಂತ ಕೇಳ್ತಾರೆ. ಡಾಕ್ಟರ್ ಕಾರ್ನಿಷ್ ಕೇಳಿದ್ದೂ ಇದನ್ನೇ.

ಹಾಲಿಗೆ ಸಾಧ್ಯವಾದದ್ದು

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ಹಳ್ಳಿ ಮಟ್ಟದಲ್ಲಿ ಇಷ್ಟೆಲ್ಲ ಅಳೆಯಲಿಕ್ಕೆ ಆಗುತ್ತಾ ಅಂತ ಕೇಳಬಹುದು. ಅದಕ್ಕೆ ಉತ್ತರ ಮಾಚೇನಹಳ್ಳಿಯಲ್ಲೇ ಇದೆ ಮಾರಾಯ್ರೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟದ ಡೇರಿ ಇಲ್ಲಿದೆ. ಒಕ್ಕೂಟ ಹುಟ್ಟಿದ್ದು 1988ರಲ್ಲಿ. ಧಾತು ಬರದಲ್ಲಿ ಧಾನ್ಯದ ಗಾಡಿ ತಲುಪದೆ ನರಳಿದ ಅದೇ ಚಿತ್ರದುರ್ಗದ ಸೀಮೆಯ ಹಳ್ಳಿಗಳಿಂದ ಈಗ ದಿನಾ ಹಾಲು ಹೊರಡುತ್ತೆ.

ಹಳ್ಳಿಯ ಸಂಘದಲ್ಲಿ ಬೆಳಿಗ್ಗೆ, ಸಂಜೆ ಒಬ್ಬೊಬ್ಬರ ಹಾಲನ್ನೂ ಅಳೀತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು, ಎಲ್ಲ ಬರೆದುಕೊಳ್ತಾರೆ. ಅರ್ಧ ಲೀಟರ್ ತಂದ ಅಜ್ಜಿಯದ್ದೂ ಲೆಕ್ಕವೇ. ಡೇರಿಗೆ ಬಂದ ಮೇಲೆ ಮತ್ತೆ ತೂಕ, ಮತ್ತೆ ಪರೀಕ್ಷೆ. ಮಧ್ಯದಲ್ಲಿ ನೀರು ಬಿದ್ದರೆ, ಹಾಲು ಒಡೆದರೆ, ಲೀಟರ್ ಕಮ್ಮಿಯಾದರೆ ಎಲ್ಲಿ ಆಯಿತು ಅಂತ ಕೇಳಬಹುದು. ಯಾಕೆಂದರೆ ಸರಪಳಿಯ ಎರಡೂ ತುದಿಯಲ್ಲಿ ಅಳತೆ ಇದೆ. ಇದಕ್ಕೆ ಎಂಐಟಿಯ ಪದವಿ ಬೇಕಾಗಿಲ್ಲ, ಒಂದು ಸಣ್ಣ ಕೋಣೆ, ಒಂದು ಪುಸ್ತಕ, ದಿನಾ ಬರುವ ಒಬ್ಬ ಕಾರ್ಯದರ್ಶಿ ಸಾಕು.

ಪರಿಹಾರದ ವಿಷಯದಲ್ಲಿ ಮಾತ್ರ ನಾವು ಇನ್ನೂ ಒಂದೇ ತುದಿ ಅಳೆಯುತ್ತೇವೆ. 2009ರ ಉತ್ತರ ಕರ್ನಾಟಕದ ನೆರೆ, 2018ರ ಕೊಡಗು, 2019ರ ನೆರೆ, ಯಾವುದನ್ನೇ ನೆನಪಿಸಿಕೊಳ್ಳಿ. ಇಷ್ಟು ಲಾರಿ ಹೊರಟಿತು, ಇಷ್ಟು ಕ್ವಿಂಟಾಲ್ ಅಕ್ಕಿ, ಇಷ್ಟು ಸಾವಿರ ಕಂಬಳಿ. ಬ್ಯಾನರ್ ಕಟ್ಟಿದ ಲಾರಿಯ ಮುಂದೆ ನಿಂತ ಫೋಟೋ ಹೊರಡುವಾಗಿನದ್ದು. ಇಳಿಸುವಾಗಿನ ಫೋಟೋ ಅಪರೂಪ, ವಾರ ಬಿಟ್ಟು ಯಾವ ಮನೆಯಲ್ಲಿ ಏನು ಉಳಿದಿದೆ ಅಂತ ಕೇಳಿದ್ದಂತೂ ಇನ್ನೂ ಅಪರೂಪ. ಗಂಜಿ ಕೇಂದ್ರ ಅನ್ನುವ ಹೆಸರನ್ನು ಸರ್ಕಾರ ಈಗ ಕಾಳಜಿ ಕೇಂದ್ರ ಅಂತ ಬದಲಾಯಿಸಿದೆ. ಹೆಸರು ಚೆನ್ನಾಗಿದೆ. ಕಾಳಜಿ ಅಂದರೆ ಕಳಿಸಿದ್ದರ ಲೆಕ್ಕದ ಜೊತೆಗೆ ಸಿಕ್ಕಿದ್ದರ ಲೆಕ್ಕವನ್ನೂ ಕೇಳುವುದು ಅಂತ ನಾನು ಅರ್ಥ ಮಾಡಿಕೊಳ್ತೀನಿ.

1877ರಲ್ಲಿ ರೈಲು ತಂದ ಧಾನ್ಯದ ಟನ್ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು 1881ರ ಜನಗಣತಿಯಲ್ಲಿ ಗೊತ್ತಾಯಿತು, ನಾಲ್ಕು ವರ್ಷ ತಡವಾಗಿ.

ಧಾತು ಬರದ ಬಗ್ಗೆ ಸರ್ಕಾರಿ ವರದಿಗಳು ಬೇಕಾದಷ್ಟು ಇವೆ, ಆದರೆ ಅವೆಲ್ಲ ಲೆಕ್ಕ ಬರೆದವರ ಕಡೆಯಿಂದ. ನಿಮ್ಮ ಮನೆಯ ಹಿರಿಯರು, ಅದರಲ್ಲೂ ತುಮಕೂರು, ಕೋಲಾರ, ಚಿತ್ರದುರ್ಗದ ಕಡೆಯವರು, ತಮ್ಮ ಅಜ್ಜ-ಮುತ್ತಜ್ಜಿಯರಿಂದ ಕೇಳಿದ್ದು ಏನಾದರೂ ಹೇಳಿದ್ದರೆ, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಏನು ತಿಂದು ಬದುಕಿದರು ಅಂತ, ದಯವಿಟ್ಟು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಆ ಕಡೆಯ ತುದಿಯ ಅಳತೆ ಉಳಿದಿರೋದು ಅಲ್ಲಿ ಮಾತ್ರ.